ಟೈಪ್ ಮಿಸ್ಸಿನ ನಾಲ್ಕು ಸ್ಪೇಸು

ಕೋಮಲ ಅವರು ನನ್ನ ಕ್ಲಾಸಿಗೆ ಬಂದ ಮೊದಲ ದಿನ ನನಗಾದದ್ದು ಸಂತೋಷವಲ್ಲ, ಕಿರಿಕಿರಿ. ಐವತ್ತಮೂರು ವರ್ಷದ ಹೆಂಗಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಹೊಸ ನೋಟ್‌ಬುಕ್ಕು. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ನಿಂತೇ ಬಂದವರು ಸೀದಾ ಮೊದಲ ಸಾಲಿನಲ್ಲಿ ಕೂತು, "ಮಿಸ್, ನಂಗೆ ಒಂದೇ ಒಂದು ವೆಬ್‌ಸೈಟ್ ಮಾಡೋದು ಕಲಿಸ್ಕೊಟ್ರೆ ಸಾಕು" ಅಂದರು. ಒಂದೇ ಒಂದಂತೆ! ಒಂದೇ ಒಂದು ಮುದ್ದೆ ಕಟ್ಟುವುದು ಹೇಳಿಕೊಡಿ ಎಂದ ಹಾಗೆ.

ಅದು ಹೆಂಗಸರಿಗೆಂದು ನಡೆಸುತ್ತಿದ್ದ ಮೂರು ತಿಂಗಳ ಉಚಿತ ತರಬೇತಿ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವೆಬ್‌ಸೈಟ್ ಬರೆಯುವುದು ಪಾಠ. ಹದಿನಾಲ್ಕು ಜನ ಸೇರಿದ್ದರು, ಬಹುಪಾಲು ಸರ್ಟಿಫಿಕೇಟಿನ ಆಸೆಗೆ. ಕಲಿಸುವವಳು ನಾನೊಬ್ಬಳೇ, ಮಹದೇವಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿಯಲ್ಲಿ, ನಮ್ಮ ಮಾತಿನಲ್ಲಿ ಪೋಡಿನಲ್ಲಿ, ಹುಟ್ಟಿ, ಡಿಗ್ರಿ ಮುಗಿಸಿ, ಕೆಳಗಿಳಿದು ಯಳಂದೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದವಳು. ತಾಳ್ಮೆ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಜೇನು ತಿನ್ನುವಾಗಲೂ ಹುಳಕ್ಕೆ ಬಯ್ಯುವವಳು ಎಂದು ನಮ್ಮವ್ವ ಮಾದಿಯೇ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ಕೊಳ್ಳೇಗಾಲದಲ್ಲಿ ಕೋಮಲ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಟೈಪ್ ಮಿಸ್ ಎನ್ನಬೇಕು. ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಮೂವತ್ತು ವರ್ಷ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಒಂದು ಕಾಲದಲ್ಲಿ ಬೆಳಿಗ್ಗೆ ಆರರಿಂದಲೇ ಅಲ್ಲಿ ಎಂಟು ಮೆಶಿನ್ನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವಂತೆ. ಹನೂರು, ಕಾಮಗೆರೆ, ಮಾರ್ಟಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಕಲಿತು, ಟೈಪಿಂಗಿನ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾಗಿ, ತಾಲ್ಲೂಕು ಆಫೀಸು, ಕೋರ್ಟು ಅಂತ ಕೆಲಸಕ್ಕೆ ಸೇರಿದವರಿಗೆ ಲೆಕ್ಕವಿಲ್ಲ. ಈಗ ಮೆಶಿನ್ನುಗಳ ಮೇಲೆ ಹಳೇ ಸೀರೆ ಹರಿದು ಹೊಲಿದ ಹೊದಿಕೆ. ಕಲಿಯುವವರಿಲ್ಲ. ಮದುವೆಯ ಮಾತೆತ್ತಿದರೆ "ಆಗ್ನಿಲ್ಲ ಅಷ್ಟೇ ಕಣ್ರಿ" ಎಂದು ಮುಗಿಸುತ್ತಾರೆ. ಜೊತೆಗಿದ್ದ ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ಮಲಗುವುದು.

ಅವರಿಗೆ ಬೇಕಾಗಿದ್ದ ವೆಬ್‌ಸೈಟು ಇಷ್ಟೇ: ಒಂದು ಪುಟ. ಅಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರು, ಕಲಿತ ವರ್ಷ, ಈಗ ಎಲ್ಲಿದ್ದೇನೆ ಎಂದು ಬರೆಯಬೇಕು. ಬರೆದದ್ದು ಕೆಳಗೆ ಪಟ್ಟಿಯಾಗಿ ಕಾಣಬೇಕು. ಫೇಸ್‌ಬುಕ್ಕಿನಲ್ಲಿ ಒಂದು ಗುಂಪು ಮಾಡಿದರೆ ಐದು ನಿಮಿಷದ ಕೆಲಸ ಎಂದೆ. "ಅದು ಇನ್ನೊಬ್ರ ಜಾಗ ಅಲ್ವಾ ಮಿಸ್. ಇದು ನಮ್ ಇನ್‌ಸ್ಟಿಟ್ಯೂಟ್ ಇದ್ದಂಗೆ ಇರ್ಬೇಕು. ನಾನೇ ಬಾಗ್ಲು ತಗೀಬೇಕು" ಅಂದರು. ಹಟ ಅಂದರೆ ಹಟ.

ಪೈಥಾನ್ ಗೊತ್ತಿಲ್ಲದವರಿಗೆ ಒಂದು ಮಾತು. ಈ ಭಾಷೆಯಲ್ಲಿ ಒಂದು ಕೆಲಸಕ್ಕೆ ಒಂದು ತಲೆಸಾಲು ಬರೆಯುತ್ತೇವೆ. ಅದು ಎಡ ಅಂಚಿಗೇ ಇರಬೇಕು. ಆ ಕೆಲಸಕ್ಕೆ ಸೇರಿದ ಸಾಲುಗಳನ್ನೆಲ್ಲ ಅದರ ಕೆಳಗೆ ನಾಲ್ಕು ಸ್ಪೇಸು ಒಳಗೆ ತಳ್ಳಿ ಬರೆಯಬೇಕು. ಯಾವ ಸಾಲು ಯಾರ ಮನೆಯದು ಎಂದು ಕಂಪ್ಯೂಟರಿಗೆ ಗೊತ್ತಾಗುವುದೇ ಆ ಖಾಲಿ ಜಾಗದಿಂದ. ಒಂದು ಸ್ಪೇಸು ಹೆಚ್ಚಾದರೂ ಕಡಿಮೆಯಾದರೂ ಅದು ಮುಖ ತಿರುಗಿಸಿಕೊಂಡು, ಇಂಥ ಸಾಲಿನಲ್ಲಿ ಇಂಡೆಂಟೇಶನ್ ಎರರ್ ಎಂದು ಹೇಳಿ ಕೂತುಬಿಡುತ್ತದೆ.

ಮೊದಲ ವಾರ ಎಲ್ಲರಿಗೂ ಈ ಎರರ್ ಬಂತು. ಆದರೆ ಟೈಪ್ ಮಿಸ್ಸಿನ ಎರರ್ ನೋಡಿ ನಾನು ದಂಗಾದೆ. ತಲೆಸಾಲನ್ನು ಐದು ಸ್ಪೇಸು ಒಳಗೆ ತಳ್ಳಿದ್ದರು. ಅದಕ್ಕೆ ಸೇರಿದ ಸಾಲುಗಳನ್ನೆಲ್ಲ ಅಂಚಿಗೆ ತಂದು ನಿಲ್ಲಿಸಿದ್ದರು. ಪೂರ್ತಿ ಉಲ್ಟಾ. ಅದೂ ಒಂದು ಕಡೆ ಅಲ್ಲ, ಇಡೀ ಫೈಲಿನಲ್ಲಿ, ಅಚ್ಚು ಹಾಕಿದ ಹಾಗೆ. "ಇದೇನ್ ಮಿಸ್ ಮಾಡೀರಿ?" ಎಂದು ನಾನೂ ಅವರನ್ನು ಮಿಸ್ ಎಂದೇ ಕರೆದು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನಗೇ ಪಾಠ ಹೇಳಿದರು.

"ಪ್ಯಾರಾ ಶುರುವಾಗೋ ಸಾಲಿಗೆ ಐದು ಸ್ಪೇಸ್ ಬುಡ್ಬೇಕು. ಮಿಕ್ಕಿದ್ ಸಾಲೆಲ್ಲ ಮಾರ್ಜಿನ್‌ಗೆ ಬರ್ಬೇಕು. ಇದ್ ಬುಟ್ರೆ ಎಕ್ಸಾಮ್ನಲ್ಲಿ ಮಾರ್ಕ್ಸ್ ಕಟ್ ಮಾಡ್ತಾರೆ."

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವರು ನಗಲಿಲ್ಲ. ಮೂವತ್ತು ವರ್ಷ ಊರ ಮಕ್ಕಳಿಗೆ ಹೇಳಿಕೊಟ್ಟ ನಿಯಮ ಒಂದೇ ಬೆಳಿಗ್ಗೆ ತಪ್ಪಾಗಿಬಿಟ್ಟರೆ ಯಾರಿಗೆ ತಾನೇ ನಗು ಬರುತ್ತದೆ? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಟೈಪಿಂಗು ಹುಟ್ಟುಗುಣವಲ್ಲ, ಆದರೂ ಬೆರಳಿಗೆ ಹತ್ತಿದ್ದು ಬಿಡಲು ಒಂದೂವರೆ ತಿಂಗಳು ಹಿಡಿಯಿತು. ಉಲ್ಟಾ ಹೋಗಿ ಸರಿಯಾಯಿತು, ಆಮೇಲೆ ನಾಲ್ಕರ ಜಾಗಕ್ಕೆ ಐದು ಬಂತು. ಐದು ಹೋಯಿತು, ಟ್ಯಾಬ್ ಕೀಲಿ ಒತ್ತುವ ಚಾಳಿ ಬಂತು. ಟ್ಯಾಬ್ ಮತ್ತು ಸ್ಪೇಸು ಬೆರೆತರೆ ಕಣ್ಣಿಗೆ ಒಂದೇ ಥರ ಕಂಡರೂ ಪೈಥಾನ್ ಒಪ್ಪುವುದಿಲ್ಲ. ಪ್ರತಿ ಸಲವೂ ನಾನು ರೇಗುತ್ತಿದ್ದೆ. ಅವರು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ತಪ್ಪನ್ನು ಬರೆದುಕೊಳ್ಳುತ್ತಿದ್ದರು. ತರಬೇತಿ ಮುಗಿಯುವ ಹೊತ್ತಿಗೆ ಹದಿನಾಲ್ಕರಲ್ಲಿ ನಾಲ್ವರು ಉಳಿದಿದ್ದರು, ಅವರಲ್ಲಿ ನಾಲ್ಕು ಸ್ಪೇಸನ್ನು ತಪ್ಪದೆ ಒತ್ತುತ್ತಿದ್ದವರು ಟೈಪ್ ಮಿಸ್ ಒಬ್ಬರೇ.

ಸರ್ಟಿಫಿಕೇಟು ಕೊಟ್ಟ ಮೇಲೆ ಯಾರೂ ಫೋನ್ ಮಾಡುವುದಿಲ್ಲ, ಅದು ಲೋಕರೂಢಿ. ಟೈಪ್ ಮಿಸ್ ಮಾಡಿದರು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ. "ಮಿಸ್, ಪುಟ ಓಪನ್ ಆಯ್ತಿಲ್ಲ. ಇಪ್ಪತ್ತೆರಡನೇ ಸಾಲಲ್ಲಿ ಎರರ್ ಅಂತದೆ." ಫೈಲು ಕಳಿಸಿ ಎಂದೆ. ನೋಡಿದರೆ ಒಂದು ಸಾಲಿಗೆ ನಾಲ್ಕರ ಬದಲು ಮೂರು ಸ್ಪೇಸು. ಹೇಳಿದೆ, ತಿದ್ದಿಕೊಂಡರು. ಮಾತು ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಏನು ಅಡುಗೆ ಎಂದು ಕೇಳಿದರು. ನಾನು ಉಪ್ಪಿಟ್ಟು ಎಂದೆ. "ಒಬ್ರಿಗೆ ಉಪ್ಪಿಟ್ಟು ಮಾಡೋದು ಕಷ್ಟ ಕಣ್ರಿ, ಯಾವಾಗ್ಲೂ ಒಂದ್ ಮುಷ್ಟಿ ಎಚ್ಚೇ ಆಯ್ತದೆ" ಅಂದರು.

ಮುಂದಿನ ಶನಿವಾರ ಮತ್ತೆ ಫೋನು, ಮತ್ತೆ ಮೂರು ಸ್ಪೇಸು, ಈ ಸಲ ಹದಿನಾಲ್ಕನೇ ಸಾಲು. ಅದರ ಮುಂದಿನ ವಾರ ಮೂವತ್ತೊಂದನೇ ಸಾಲು. ಹೀಗೆ ಹನ್ನೊಂದು ವಾರ. ಎರರ್ ಎಲ್ಲ ಹೋದ ಮೇಲೆ ಪುಟವನ್ನು ಇಂಟರ್ನೆಟ್ಟಿಗೆ ಏರಿಸುವುದು ಎಂದು ಮಾತಾಗಿತ್ತು, ಆ ದಿನ ಬರಲೇ ಇಲ್ಲ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೂರನೇ ವಾರಕ್ಕೇ ನನಗೆ ಅನುಮಾನ ಬಂದಿತ್ತು. ಟೈಪ್ ಮಿಸ್ಸಿನ ಬೆರಳು ತಪ್ಪಿದರೆ ಎಲ್ಲಾ ಕಡೆಯೂ ಒಂದೇ ಸಮ ತಪ್ಪುತ್ತದೆ. ಅದು ಮೂವತ್ತು ವರ್ಷ ಪಳಗಿದ ಕೈ. ಇಡೀ ಫೈಲು ಸರಿಯಾಗಿದ್ದು ನಡುವೆ ಒಂದೇ ಒಂದು ಸಾಲಿಗೆ ಮೂರು ಸ್ಪೇಸು ಬರುವುದು ಸಾಧ್ಯವೇ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೂ ನಾನು ಕೇಳಲಿಲ್ಲ. ಕೇಳಿದರೆ ಫೋನು ನಿಲ್ಲುತ್ತದೆ ಎಂಬ ಭಯ. ಪೋಡಿನಲ್ಲಿ ನಮ್ಮ ಮನೆಗೆ ಬಾಗಿಲು ಹಾಕಿದ್ದೇ ನಾನು ಕಂಡಿಲ್ಲ, ಯಾರೋ ಒಬ್ಬರು ಬಂದು ಕೂತೇ ಇರುತ್ತಾರೆ. ಯಳಂದೂರಿನಲ್ಲಿ ಭಾನುವಾರ ಇಡೀ ದಿನ ನನ್ನ ಬಾಯಿಂದ ಒಂದು ಮಾತೂ ಹೊರಡದೆ ಹೋದದ್ದುಂಟು. ವಾರಕ್ಕೊಮ್ಮೆ ಏನು ಅಡುಗೆ ಎಂದು ಕೇಳುವವರನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಪಾಪ, ಒಂಟಿ ಹೆಂಗಸು, ನನ್ನ ಜೊತೆ ಮಾತಾಡಲು ನೆಪ ಹುಡುಕುತ್ತಿದ್ದಾರೆ ಎಂದುಕೊಂಡು ಒಳಗೊಳಗೇ ಬೀಗುತ್ತಲೂ ಇದ್ದೆ.

ಹನ್ನೆರಡನೇ ವಾರ ತರಬೇತಿಯ ಕಾಗದಪತ್ರಕ್ಕೆ ಸಹಿ ಹಾಕಿಸಲು ಕೊಳ್ಳೇಗಾಲಕ್ಕೆ ಹೋಗಬೇಕಾಯಿತು. ಕೆಲಸ ಬೇಗ ಮುಗಿಯಿತು. ಹೇಳದೆ ಕೇಳದೆ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಮಧ್ಯಾಹ್ನದ ಬಿಸಿಲು ಹೊದಿಕೆ ಹಾಕಿದ ಮೆಶಿನ್ನುಗಳ ಮೇಲೆ ಬಿದ್ದಿತ್ತು. ಮೂಲೆಯ ಹಳೇ ಕಂಪ್ಯೂಟರಿನ ಮುಂದೆ ಟೈಪ್ ಮಿಸ್ ಬೆನ್ನು ನೇರ ಮಾಡಿಕೊಂಡು ಕೂತಿದ್ದರು. ಪರದೆಯ ಮೇಲೆ ಅವರ ಪುಟ ಚೆನ್ನಾಗಿ ತೆರೆದುಕೊಂಡಿತ್ತು. ಮೇಲೆ ಇನ್‌ಸ್ಟಿಟ್ಯೂಟಿನ ಹೆಸರು, ಕೆಳಗೆ ಹೆಸರು ಬರೆಯುವ ಜಾಗ, ಒತ್ತುವ ಗುಂಡಿ. ಎಲ್ಲಿಯೂ ಎರರ್ ಇರಲಿಲ್ಲ.

ಅವರು ತಿರುಗಿ ನೋಡಿದವರು ಎದ್ದು ನಿಂತರು. ಪಕ್ಕದ ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನು ಮುಚ್ಚಲು ಹೋದರು. ನಾನು ಮೊದಲೇ ಓದಿಬಿಟ್ಟಿದ್ದೆ. ಎರಡು ಫೈಲಿನ ಹೆಸರು ದುಂಡಗೆ ಬರೆದಿದ್ದರು: ಒಂದರ ಮುಂದೆ "ಸರಿ ಇರುವುದು", ಇನ್ನೊಂದರ ಮುಂದೆ "ಮಿಸ್‌ಗೆ ಕಳಿಸುವುದು". ಟೈಪಿನವರು ಯಾವುದಕ್ಕೂ ಒಂದು ಕಾರ್ಬನ್ ಕಾಪಿ ಇಟ್ಟುಕೊಂಡೇ ಇರುತ್ತಾರಲ್ಲ.

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಏನ್ ಮಿಸ್ ಇದು? ಹನ್ನೊಂದು ವಾರ ನಂಗೆ ಕ್ವಾಟ್ಲೆ ಕೊಟ್ಟೀರಾ? ಮಾತಾಡ್ಬೇಕು ಅಂದ್ರೆ ಮಾತಾಡಿ. ಬೇಕಂತ್ಲೇ ಸ್ಪೇಸ್ ತಗುದು ನನ್ ಕಣ್ಣು ಯಾಕ್ ಹಾಳ್ ಮಾಡೀರಿ?" ಎಂದು ಕೂಗಾಡಿದೆ.

ಅವರು ನನಗೆ ಒಂದು ಸ್ಟೂಲು ಎಳೆದುಕೊಟ್ಟರು. ನೀರು ತಂದುಕೊಟ್ಟರು. ಆಮೇಲೆ ಹೇಳಿದರು.

"ನಿಮ್ ಜೊತೆ ಮಾತಾಡಕ್ಕಲ್ಲ ಮಿಸ್. ನಿಮ್ಗೆ ಬೇಜಾರಾದ್ರೂ ಸರಿ, ಅದ್ ನಿಜ ಅಲ್ಲ. ಎರರ್ ಇದ್ರೆ ಯಾರೂ ಬರಾಕಾಗಲ್ಲ ಅಲ್ವಾ? ಆಗ ಯಾರೂ ಬಂದಿಲ್ಲ ಅಂದ್ರೆ ತಪ್ಪು ಎರರ್‌ದು. ಎರರ್ ಸರಿ ಮಾಡಿ, ಬಾಗ್ಲು ತಗುದು, ಆಮೇಲೂ ಯಾರೂ ಬರ್ನಿಲ್ಲ ಅಂದ್ರೆ? ಆಗ ಯಾರ್ದು ತಪ್ಪು ಅಂತ ಏಳ್ಳಿ ನಾನು?"

ಬೀಗುತ್ತಿದ್ದವಳ ಮುಖ ಸಣ್ಣದಾಯಿತು. ಅವರ ಒಂಟಿತನದಲ್ಲಿ ನನಗೊಂದು ಕುರ್ಚಿ ಇದೆ ಎಂದುಕೊಂಡಿದ್ದೆ. ಅವರು ಕಾಯುತ್ತಿದ್ದದ್ದು ಬೇರೆಯವರನ್ನು, ಎಂಟು ಮೆಶಿನ್ನುಗಳ ಮುಂದೆ ಮೂವತ್ತು ವರ್ಷ ಕೂತು ಎದ್ದುಹೋದವರನ್ನು. ಸಿಟ್ಟಿನ ಜಾಗದಲ್ಲಿ ದುಃಖ ಬಂತು. ಅವರಿಗಾಗಿಯೋ ನನಗಾಗಿಯೋ ಈಗಲೂ ಬಿಡಿಸಿ ಹೇಳಲಾರೆ.

ಆದರೂ ನಾನು ಬಿಡಲಿಲ್ಲ. "ಬಾಗ್ಲು ತಗಿಯದೇ ಯಾರೂ ಬರಲ್ಲ ಮಿಸ್. ಇವತ್ತೇ ಹಾಕಾಣ" ಎಂದೆ. ಸರಿ ಇರುವ ಫೈಲನ್ನು ಇಬ್ಬರೂ ಸೇರಿ, ಎಲ್ಲರಿಗೂ ಕಾಣುವ ಹಾಗೆ ಇಂಟರ್ನೆಟ್ಟಿಗೆ ಏರಿಸಿದೆವು. ಟೈಪ್ ಮಿಸ್ ಒಂದು ಮೆಶಿನ್ನಿನ ಹೊದಿಕೆ ತೆಗೆದು, ಪುಟದ ವಿಳಾಸವನ್ನೂ ನಾಲ್ಕು ಸಾಲಿನ ಒಕ್ಕಣೆಯನ್ನೂ ಟೈಪ್ ಮಾಡಿದರು. ಮೊದಲ ಸಾಲಿಗೆ ಐದು ಸ್ಪೇಸು, ಮಿಕ್ಕಿದ್ದು ಮಾರ್ಜಿನ್ನಿಗೆ. ಅದರ ಜೆರಾಕ್ಸನ್ನು ಮೆಟ್ಟಿಲ ಕೆಳಗೆ, ಬಸ್‌ಸ್ಟ್ಯಾಂಡಿನ ಕಂಬಕ್ಕೆ, ಕೋರ್ಟಿನ ಹತ್ತಿರದ ಟೀ ಅಂಗಡಿಗೆ ನಾವಿಬ್ಬರೇ ಅಂಟಿಸಿದೆವು. ಹನೂರಿನ ಬಸ್ಸಿನ ಕಂಡಕ್ಟರಿಗೂ ನಾಲ್ಕು ಕೊಟ್ಟು ಆ ಊರಲ್ಲಿ ಅಂಟಿಸಿ ಎಂದು ಟೈಪ್ ಮಿಸ್ ಕೇಳಿಕೊಂಡರು. ಕಂಡಕ್ಟರು "ಆಯ್ತು ಟೈಪ್ ಮಿಸ್ಸಮ್ಮ" ಎಂದು ಜೇಬಿಗೆ ತುರುಕಿಕೊಂಡ.

ಒಂದು ವಾರ ಯಾರೂ ಬರೆಯಲಿಲ್ಲ. ಎರಡನೇ ವಾರವೂ ಇಲ್ಲ. ಶನಿವಾರದ ಫೋನೂ ನಿಂತಿತು, ಕೇಳಲು ಎರರ್ ಇರಲಿಲ್ಲವಲ್ಲ. ನಾನು ಕೋಣೆಯಲ್ಲಿ ಕೂತು ದಿನಕ್ಕೆ ಹತ್ತು ಸಲ ಆ ಪುಟ ತೆರೆದು ನೋಡುತ್ತಿದ್ದೆ. ಕೊಳ್ಳೇಗಾಲದಲ್ಲಿ ಅವರು ಎಷ್ಟು ಸಲ ನೋಡುತ್ತಿದ್ದರೋ. ಇಡೀ ಕೊಳ್ಳೇಗಾಲದ ಮೇಲೆ ಸಿಟ್ಟು ಬಂತು. ಬೆರಳು ಹಿಡಿದು ಅಕ್ಷರ ಒತ್ತಿಸಿದ ಟೀಚರಿಗಾಗಿ ಹೆಸರು ಬರೆಯಲು ಒಂದು ನಿಮಿಷ ಇಲ್ಲವೇ ಇವರಿಗೆ? ನಾಲ್ಕನೇ ವಾರ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ನಾನೇ ಪುಟ ತೆರೆದು ಬರೆದೆ: ಚಿಕ್ಕಮಾದಪ್ಪ, ಹನೂರು, 2006 ಜೂನ್ ಬ್ಯಾಚು, ಈಗ ಮೈಸೂರಿನಲ್ಲಿ ಗುಮಾಸ್ತ. ಟೈಪ್ ಮಿಸ್‌ಗೆ ನಮಸ್ಕಾರ.

ಬರೆದ ಮೇಲೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತಾಯಿತು ನನ್ನ ಪಾಡು. ಹೊಸ ಬ್ಯಾಚಿನ ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಮಧ್ಯಾಹ್ನ ಮೂರಕ್ಕೆ ಫೋನು ಬಂತು. ದನಿ ಬಳಲಿತ್ತು.

"ಮಿಸ್, ಆ ಚಿಕ್ಕಮಾದಪ್ಪ ನೀವೇ ಅಲ್ವಾ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ.

"ಎರಡ್ಸಾವ್ರದ ಆರು ಜೂನಲ್ಲಿ ನಮ್ಮವ್ವ ಬಿದ್ದು ಕಾಲ್ ಮುರ್ಕಂಡಿದ್ಲು. ಆರ್ ತಿಂಗ್ಳು ಇನ್‌ಸ್ಟಿಟ್ಯೂಟ್ ಬಾಗ್ಲೇ ತಗೀನಿಲ್ಲ ನಾನು. ಆ ಬ್ಯಾಚೇ ಇಲ್ಲ."

"ತಪ್ಪಾಯ್ತು ಮಿಸ್" ಎಂದೆ.

"ಗೊತ್ತಿತ್ತು ನಂಗೆ, ನೋಡ್ದಾಗ್ಲೇ ಗೊತ್ತಾಯ್ತು. ಆದ್ರೂ ಅಟ್ಟದ್ ಮ್ಯಾಲಿಂದ ಅಡ್ಮಿಷನ್ ರಿಜಿಸ್ಟ್ರೆಲ್ಲ ಇಳಿಸ್ದೆ. ಎಲ್ಲಾ ವರ್ಷದ್ದೂ ನೋಡ್ದೆ. ಅವ್ನು ವರ್ಷ ತಪ್ ಬರ್ದಿರ್ಬೋದು, ನಾನೇ ಮರ್ತಿರ್ಬೋದು, ನಾನ್ ಮರ್ತುಬುಟ್ರೆ ಪಾಪ ಅಲ್ವಾ ಅಂತ." ಸ್ವಲ್ಪ ಉಸಿರು ಎಳೆದುಕೊಂಡರು. "ಬೆಳಗ್ಗಿಂದ ಉಡುಕ್ತಾ ಇದ್ದೆ ಕಣ್ರಿ. ಊಟನೂ ಮಾಡ್ನಿಲ್ಲ. ಉಡುಕೋವಾಗ ಚೆನ್ನಾಗಿತ್ತು."

ನನಗೆ ಅಳು ಬಂತು. ಅತ್ತುಬಿಟ್ಟೆ. ಅವರು ಅದು ನಿಲ್ಲುವವರೆಗೂ ಕಾದು, ಟೀಚರಿನ ದನಿಯಲ್ಲಿ ಹೇಳಿದರು: "ಪುಟ ಖಾಲಿ ಇದ್ರೆ ಖಾಲಿ ಇರ್ಲಿ. ಅದ್ ನಂದು. ಸುಳ್ಳು ಎಸ್ರು ಬ್ಯಾಡ. ಅಳಿಸೋದು ಎಂಗೆ ಅಂತ ನೀವು ಏಳ್ಕೊಟ್ಟಿಲ್ಲ. ಈಗ ಏಳ್ಕೊಡಿ."

ಅಳಿಸಲು ಏಳೆಂಟು ಸಾಲು ಹೊಸದಾಗಿ ಬರೆಯಬೇಕಿತ್ತು. ನಾನು ಫೋನಿನಲ್ಲಿ ಒಂದೊಂದೇ ಸಾಲು ಹೇಳಿದೆ. ಆ ಕಡೆಯಿಂದ ಕೀಲಿಯ ಸದ್ದು ಕೇಳುತ್ತಿತ್ತು, ಒಂದೇ ಲಯ, ತಡವರಿಕೆ ಇಲ್ಲ. ಒಳಗಿನ ಸಾಲು ಬಂದಾಗಲೆಲ್ಲ ಸ್ಪೇಸ್ ಬಾರು ನಾಲ್ಕು ಸಲ ಬಡಿಯಿತು. ಬರೆದು ಮುಗಿಸಿ ಒತ್ತಿದರು. ಮೊದಲ ಸಲಕ್ಕೇ ನಡೆಯಿತು. ಚಿಕ್ಕಮಾದಪ್ಪ ಹೋದ. ನನ್ನ ಪರದೆಯಲ್ಲಿಯೂ ಪುಟ ಖಾಲಿಯಾಯಿತು.

ಇಂಥ ಕೆಲಸ ಒಂದೇ ಏಟಿಗೆ ಸರಿಬಂದರೆ ಹಿಗ್ಗಬೇಕು. ಇಬ್ಬರೂ ಹಿಗ್ಗಲಿಲ್ಲ. ಫೋನ್ ಇಡುವುದಕ್ಕೂ ಇಬ್ಬರಿಗೂ ಆಗಲಿಲ್ಲ. ಕೆಳಗಿನ ರಸ್ತೆಯಲ್ಲಿ ಯಾವುದೋ ಬಸ್ಸು ಹಾರನ್ ಹೊಡೆದದ್ದು ಅವರ ಫೋನಿನೊಳಗಿಂದ ನನಗೆ ಕೇಳಿಸಿತು.

"ಮಿಸ್, ನಾಳೆ ಬತ್ತೀನಿ ಅಲ್ಲಿಗೆ" ಅಂದೆ.

"ಯಾಕೆ? ಇನ್ನೂ ಏನಾರ ಎರರ್ ಅದಾ?"

"ಏನೂ ಇಲ್ಲ. ಸುಮ್ನೆ ಬತ್ತೀನಿ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಆಮೇಲೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಊಟ ಮಾಡ್ಕಂಡ್ ಬರ್ಬೇಡಿ ಮತ್ತೆ" ಅಂದರು ಟೈಪ್ ಮಿಸ್. "ಇಬ್ರಿಗ್ ಮಾಡ್ತೀನಿ."